ಹರಾಜುಕಟ್ಟೆಯ ಗಡಿಯಾರ

ಚಳಿ ಇಳಿಯುತ್ತಿದ್ದ ಕಾಲ. ರಂಜಾನಿನ ಎರಡನೆಯ ದಿನ, ಗುರುವಾರ, ಬೆಳಗಿನ ಏಳು ಗಂಟೆ. ಆ ತಿಂಗಳಿಗೆಂದು ದೇಶವೆಲ್ಲ ಭಾನುವಾರವೇ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿಕೊಂಡಿತ್ತು; ಏಳು ಎಂದರೆ ಹೊಸ ಏಳು. ಸಾಫಿ ಬಂದರಿನ ಠಾಣೆಗೆ ಮೀನು ಹರಾಜು ಸಂಘದ ನಿರ್ದೇಶಕ ಲಹ್ರೀಶಿ ಏದುಸಿರು ಬಿಡುತ್ತ ಬಂದ.

"ಯಾರೋ ನಮ್ಮೆಲ್ಲರ ಪಾಸ್‌ವರ್ಡ್ ಕೆಡಿಸಿದ್ದಾರೆ. ಸರ್ವರ್ ಒಬ್ಬರನ್ನೂ ಒಳಗೆ ಬಿಡ್ತಿಲ್ಲ. ಹರಾಜು ನಿಂತಿದೆ, ಬೂತಾಯಿ ಮೀನೆಲ್ಲ ದಕ್ಕೆಯಲ್ಲೇ ಬಿದ್ದಿದೆ."

ಎಫ್‌ಐಆರ್ ಬರೆಸಿಕೊಂಡು ಇನ್ಸ್‌ಪೆಕ್ಟರ್ ಜುಹೈರ್, ಕಾನ್‌ಸ್ಟೇಬಲ್ ಬೂಷ್ತಾನನ್ನು ಕರೆದುಕೊಂಡು ಹೊರಟ. ಹರಾಜುಕಟ್ಟೆಯ ಮುಂದೆ ದೋಣಿಯವರು ಗಲಾಟೆ ಮಾಡುತ್ತಿದ್ದರು. ಮಧ್ಯಾಹ್ನದೊಳಗೆ ಮಾರದಿದ್ದರೆ ಮೀನು ಗೊಬ್ಬರದ ಕಾರ್ಖಾನೆಗೇ.

"ಏನು ಸೀದಿ, ಯಂತ್ರಕ್ಕೆ ನಿನ್ನ ಹೆಸರೂ ಮರೆತುಹೋಯ್ತಾ?" ಎಂದೊಬ್ಬ, ಸಾಹೇಬ ಎಂಬ ಅರ್ಥದ ಆ ಕರೆಯಲ್ಲೇ ಲಹ್ರೀಶಿಯನ್ನು ಕೆಣಕಿದ.

ಒಳಗೆ, ಸರ್ವರ್ ನೋಡಿಕೊಳ್ಳುವ ಇಜ್ಜಾ ಎಂಬ ಹುಡುಗಿ ಗುಮಾಸ್ತರಿಗೆಲ್ಲ ಹೊಸ ಪಾಸ್‌ವರ್ಡ್ ಮಾಡಿಕೊಡುತ್ತಿದ್ದಳು.

"ಹೊಸದು ಕೊಟ್ಟ ಮೇಲೂ?" ಎಂದು ಜುಹೈರ್ ಕೇಳಿದ.

"ಅದೂ ತಪ್ಪು ಅಂತಿದೆ."

"ಏನೇನು ನೋಡಿದೆ?"

"ಹೆಸರು ನೋಡಿದೆ, ತಂತಿ ನೋಡಿದೆ, ಬೀಗ ಬಿದ್ದ ಖಾತೆ ನೋಡಿದೆ. ಎಲ್ಲ ಸರಿ ಇದೆ."

ಜುಹೈರ್ ತನ್ನ ಕೈಗಡಿಯಾರ ನೋಡಿಕೊಂಡ. ಈ ತಿಂಗಳಲ್ಲಿ ಬಸ್ಸು ಎಷ್ಟು ಗಂಟೆಗೆ ಎಂದರೂ ಜನ ಮೊದಲು ಕೇಳುವುದು, ಹಳೆ ಗಂಟೆಯೋ ಹೊಸ ಗಂಟೆಯೋ ಎಂದು. ಎಲ್ಲ ನೋಡಿದ ಈ ಹುಡುಗಿ ಅದೊಂದನ್ನು ನೋಡಿರಲಿಲ್ಲ.

"ಸರ್ವರಿನಲ್ಲಿ ಈಗ ಗಂಟೆ ಎಷ್ಟು, ಮಗಳೇ?"

ಅವಳ ಬೆರಳು ನಿಂತಿತು.

ಸರ್ವರ್ ಹಳೆ ಗಂಟೆಯಲ್ಲಿತ್ತು, ಒಂದು ಗಂಟೆ ಮುಂದೆ. ಗುಮಾಸ್ತರ ಯಂತ್ರಕ್ಕೂ ಅದಕ್ಕೂ ಐದು ನಿಮಿಷದ ಮೇಲೆ ವ್ಯತ್ಯಾಸ ಬಂದರೆ ಸರಿಯಾದ ಪಾಸ್‌ವರ್ಡನ್ನೂ ಅದು ತಳ್ಳಿಬಿಡುತ್ತದೆ. ಇಬ್ಬರು ದೋಣಿಯವರನ್ನು ಪಂಚರಾಗಿ ಕೂರಿಸಿ ಬೂಷ್ತಾ ಪಂಚನಾಮೆ ಬರೆದ. ಗಂಟೆ ಸರಿಮಾಡಿದ ಕೂಡಲೇ ಗುಮಾಸ್ತರು ಒಬ್ಬೊಬ್ಬರಾಗಿ ಒಳಗೆ ಹೋದರು. ಅಷ್ಟರಲ್ಲಿ ಅರ್ಧ ಮೀನು ಮೆತ್ತಗಾಗಿತ್ತು.

"ರಂಜಾನಿನ ಮರೆವು ಅಷ್ಟೆ. ಬಿಟ್ಟುಬಿಡಿ" ಎಂದ ಲಹ್ರೀಶಿ.

"ಗಂಟೆ ಬದಲಾದದ್ದು ಭಾನುವಾರ. ನಿನ್ನೆ ಸಂಜೆವರೆಗೂ ಸರಿಯಿತ್ತಲ್ಲ?" ಎಂದ ಜುಹೈರ್.

ನಿನ್ನೆ ಸಂಜೆ ಯಾರು ಎಲ್ಲಿದ್ದರೆಂದು ಕ್ಯಾಂಟೀನಿನ ಲಲ್ಲಾ ಯಮ್ನಾಳನ್ನು ವಿಚಾರಿಸಿದರು.

"ಉಪವಾಸ ಬಿಡೋ ಆಜಾನ್ ಹೊತ್ತಿಗೆ ಎಲ್ರೂ ಖರ್ಜೂರ ಹಿಡ್ಕೊಂಡು ಕೂತಿದ್ರಪ್ಪ. ಇಜ್ಜಾ ಬರೋ ಹೊತ್ತಿಗೆ ಅವಳ ಹರೀರಾ ಸಾರು ಆರಿ ಕೆನೆ ಕಟ್ಟಿತ್ತು. ಮೊದಲನೇ ಉಪವಾಸ, ಯಾರು ತಡ ಮಾಡ್ತಾರೆ?"

ಇಜ್ಜಾಳನ್ನು ಠಾಣೆಗೆ ಕರೆಸಿದರು; ಪಂಚರಿಬ್ಬರೂ ಬಂದು ಕೂತರು.

"ನಿನ್ನೆ ಆಜಾನ್ ಆದಾಗ ಎಲ್ಲಿದ್ದೆ?"

"ಸರ್ವರ್ ಕೋಣೇಲಿ."

"ಏನು ಮಾಡ್ತಿದ್ದೆ?"

"ಗಂಟೆ ತಿರುಗಿಸ್ತಿದ್ದೆ."

"ಯಾಕೆ?"

"ಹೋದ ರಂಜಾನಿನಲ್ಲಿ ಗೇಟಿನ ಹಾಜರಿ ಯಂತ್ರ ಹಳೆ ಗಂಟೆಯಲ್ಲೇ ಉಳಿದಿತ್ತು. ನಮ್ಮಪ್ಪ ಬ್ರೀಕ್, ಗೇಟಿನ ಕಾವಲುಗಾರ. ಹೊತ್ತಿಗೆ ಸರಿಯಾಗಿ ಬಂದ್ರೂ ದಿನಾ ಒಂದು ಗಂಟೆ ತಡ ಅಂತ ತೋರಿಸ್ತು. ಗಡಿಯಾರ ಸುಳ್ಳು ಹೇಳ್ತಿದೆ ಸೀದಿ ಅಂದ್ರು. ನಿರ್ದೇಶಕರು ಎಲ್ಲರ ಮುಂದೆ ನಕ್ಕು, ಯಂತ್ರ ಸುಳ್ಳು ಹೇಳಲ್ಲ ಮುದುಕಪ್ಪ, ನೀನು ಹೇಳ್ತೀಯ ಅಂತ ಕೆಲಸದಿಂದ ಹೊರಗೆ ಹಾಕಿದ್ರು. ಆಮೇಲೆ ಅಪ್ಪ ಮನೆ ಬಿಟ್ಟು ಆಚೆ ಬರಲಿಲ್ಲ. ಬಕ್ರೀದಿಗೆ ಅವರು ಬದುಕಿರಲಿಲ್ಲ."

"ಕೆಟ್ಟ ಮೀನು ದೋಣಿಯವರದ್ದು. ಅವರೇನು ಮಾಡಿದ್ರು?"

"ಅವರೂ ನಕ್ಕಿದ್ರು."

ದಸ್ತಗಿರಿ ಮಾಡಿದ್ದೇವೆ ಎಂದು ಜುಹೈರ್ ತಿಳಿಸಿದಾಗ ಅವಳು ಕೇಳಿದ್ದು ಒಂದೇ: ಲಹ್ರೀಶಿ ಠಾಣೆಯಲ್ಲಿ ಕೊಟ್ಟ ಹೇಳಿಕೆ ಓದಿ ಹೇಳಿ ಎಂದು. ಬೂಷ್ತಾ ಓದಿದ: "ಯಂತ್ರದ ಗಡಿಯಾರ ತಪ್ಪು ತೋರಿಸಿತು. ಇದರಲ್ಲಿ ನನ್ನ ತಪ್ಪಿಲ್ಲ."

"ಇನ್ನೊಂದ್ಸಲ" ಎಂದಳು. ಬೂಷ್ತಾ ಮತ್ತೆ ಓದಿದ.

ಶುಕ್ರವಾರ ಇಜ್ಜಾಳನ್ನು ನ್ಯಾಯಾಲಯಕ್ಕೆ ಕರೆದೊಯ್ದರು. ಅವಳ ಮಾತು ಪಂಚರ ಬಾಯಿಂದ ದಕ್ಕೆಯೆಲ್ಲ ಹರಡಿತು. ದೋಣಿಯವರು ಲಹ್ರೀಶಿಗೆ ಸಲಾಮು ಹೇಳುವುದನ್ನು ನಿಲ್ಲಿಸಿದರು. ಈದ್ ಮುಗಿದ ಮೇಲಿನ ಸೋಮವಾರ ಅವನು ಸಾಫಿ ಬಿಟ್ಟು ಹೋದ.