ಎಡಕ್ಕೆ ವಾಲಿದ ಮೇಜು

"ಮೇಜು ಸರಿಯಿಲ್ಲ," ಎಂದಿತು ಫೋನಿನ ಆ ಕಡೆಯ ದನಿ.

ಬಡಗಿ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಉಳಿಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು. ಹದಿನಾಲ್ಕು ವರ್ಷದಲ್ಲಿ ಎಪ್ಪತ್ತೊಂದು ಮೇಜು ಮಾಡಿದ್ದಾಳೆ. ಈ ಮಾತನ್ನು ಅವಳಿಗೆ ಇದುವರೆಗೆ ಯಾರೂ ಹೇಳಿದ್ದಿಲ್ಲ.

"ಸರಿಯಿಲ್ಲ ಅಂದ್ರೆ? ಅಲ್ಲಾಡುತ್ತಾ?"

"ಇಲ್ಲ. ಬಂಡೆ ಹಾಗೆ ನಿಂತಿದೆ."

"ಡ್ರಾಯರ್ ಹಿಡಿಯುತ್ತಾ?"

"ಬೆರಳಲ್ಲಿ ಎಳೆದ್ರೆ ಸಾಕು, ಬರುತ್ತೆ."

"ಮತ್ತೇನ್ರೀ ಆಗಿರೋದು ಅದಕ್ಕೆ?"

ಆ ದನಿ ಚಿತ್ರಗಾರನದು, ಮೇಜು ಹೋಗಿದ್ದು ಅವನ ಮನೆಗೆ. "ಅದರ ಮುಂದೆ ಕೂತ್ರೆ ಕೈ ಓಡಲ್ಲ. ನಾಲ್ಕು ದಿನ ಆಯ್ತು. ಒಂದು ನೆಟ್ಟಗಿನ ಗೆರೆ ಬಂದಿಲ್ಲ."

ಹೇಳಿ ಕೇಳಿ ಅದು ಅವಳ ಕೊನೆಯ ಮೇಜು. ಮುಂದಿನ ಸೋಮವಾರ ಅವಳು ಬೇರೆ ಊರಿನ ಫರ್ನಿಚರ್ ಕಾರ್ಖಾನೆಗೆ ಸೇರಬೇಕು. ಅಲ್ಲಿ ಕುಳ್ಳರಿಗೂ ಉದ್ದದವರಿಗೂ ಒಂದೇ ಅಳತೆಯ ಮೇಜು. ಆ ಕೆಲಸದ ಮೇಲೆ ಅವಳಿಗೇನೂ ಪ್ರೀತಿಯಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಮರದ ಜೊತೆಗೇ ಮಾತಾಡಿ ಸಾಕಾಗಿತ್ತು, ಕಾರ್ಖಾನೆಯಲ್ಲಾದರೆ ನಾಲ್ಕು ಜನ ಇರುತ್ತಾರೆ ಅಂತ ಒಪ್ಪಿಕೊಂಡಿದ್ದಳು. ಆದರೆ ಹೋಗುವಾಗ ಕೆಟ್ಟ ಹೆಸರು ಹೊತ್ತುಕೊಂಡು ಹೋಗುವುದೇ?

"ನಾಳೆ ಬೆಳಿಗ್ಗೆ ಬರ್ತೀನಿ. ಅಲ್ಲೀವರೆಗೂ ಏನೂ ಮುಟ್ಟಬೇಡಿ," ಎಂದು ಫೋನ್ ಇಟ್ಟಳು.

ಆ ಮೇಜು ಬೇಕು ಅಂತ ಹೇಳಿಕಳಿಸಿದ್ದು ಚಿತ್ರಗಾರನಲ್ಲ, ಅವನ ಅಕ್ಕ. ಅಕ್ಕ ಕಣ್ಣಿನ ಆಸ್ಪತ್ರೆಯಲ್ಲಿ ನರ್ಸು. ಅಕ್ಕ ತಮ್ಮ ಇಬ್ಬರೇ ಒಂದು ಮನೆಯ ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದರು. ಅವನು ಹನ್ನೆರಡು ವರ್ಷದಿಂದ ಶಾಲೆಯ ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದ. ಎಲೆಯ ಭಾಗಗಳು, ಕಪ್ಪೆಯ ಜೀವನಚಕ್ರ, ಹೃದಯದ ನಾಲ್ಕು ಕೋಣೆಗಳು. ಹೃದಯವನ್ನೇ ನಲವತ್ತು ಸಲ ಬರೆದು ಭಾಗಗಳನ್ನು ಗುರುತಿಸಿದ್ದ, ತನ್ನದರ ಸುದ್ದಿಗೆ ಮಾತ್ರ ಹೋಗಿರಲಿಲ್ಲ.

ಈಗ ಮೊದಲ ಬಾರಿಗೆ ತನ್ನದೇ ಒಂದು ಮಕ್ಕಳ ಪುಸ್ತಕ ಮಾಡುತ್ತಿದ್ದ. ಛತ್ರಿ ಕಳೆದುಕೊಂಡ ಕರಡಿಯ ಕಥೆ. ಅಷ್ಟೂ ಕೆಲಸ ಊಟದ ಮೇಜಿನ ಮೇಲೆ. ಬಣ್ಣದ ಲೋಟ ಯಾವುದು, ಕುಡಿಯುವ ಲೋಟ ಯಾವುದು ಅಂತ ಅಕ್ಕನಿಗೆ ಎರಡು ಸಲ ಗೊಂದಲವಾಗಿ, ಎರಡನೇ ಸಲ ಒಂದು ಗುಟುಕು ಹಸಿರು ನೀರು ಹೊಟ್ಟೆಗೂ ಹೋಗಿತ್ತು.

"ಈ ಮೇಜು ಊಟಕ್ಕೋ ಚಿತ್ರಕ್ಕೋ, ಇವತ್ತು ತೀರ್ಮಾನ ಆಗ್ಲಿ ಕಣಮ್ಮ," ಎಂದಿದ್ದಳು ಅಕ್ಕ, ಬಡಗಿ ಮೊದಲು ಬಂದ ದಿನ. "ಶೂ ಬಿಚ್ಚಿ ಆರಾಮಾಗಿ ಬಾ."

"ಬೇಡ ಅಕ್ಕ. ಕೆಲಸದ ಮನೆಯಲ್ಲಿ ಶೂ ಬಿಚ್ಚಲ್ಲ. ಹಲಗೆ ಗಿಲಗೆ ಕಾಲಿನ ಮೇಲೆ ಬಿದ್ರೆ ಕಷ್ಟ. ಬಂದು ಹೋಗೋರು ನಾವು," ಎಂದು ಬಡಗಿ ಬಾಗಿಲ ಬಳಿ ಶೂ ಒರೆಸಿಕೊಂಡು ಒಳಗೆ ಬಂದಿದ್ದಳು.

ಅವಳದು ಒಂದು ಕ್ರಮ. ಮೇಜು ಮಾಡುವ ಮೊದಲು ಮೂರು ದಿನ ಗಿರಾಕಿಯ ಮನೆಯಲ್ಲಿ ಕೂರಬೇಕು. ಅವರು ಕೆಲಸ ಮಾಡುವ ಜಾಗದ ತುಂಬ ಖಾಕಿ ಕಾಗದ ಹಾಸಿ, ಅವರ ಕೈ ಎಲ್ಲೆಲ್ಲಿ ಹೋಗುತ್ತದೋ ಅಲ್ಲೆಲ್ಲ ಒಂದೊಂದು ಚುಕ್ಕಿ ಇಡಬೇಕು. ಚುಕ್ಕಿ ಎಲ್ಲಿ ದಟ್ಟವಾಗಿದೆಯೋ ಅಲ್ಲಿ ಡ್ರಾಯರು, ಅಲ್ಲಿ ಬ್ರಷ್ಷು. "ಬಾಯಿ ಸುಳ್ಳು ಹೇಳುತ್ತೆ, ಕೈ ಹೇಳಲ್ಲ," ಎಂದಿದ್ದಳು ಚಿತ್ರಗಾರನಿಗೆ. "ಇದೇ ಕೊನೆ ಮೇಜು. ಆಮೇಲೆ ಕಾರ್ಖಾನೆಗೆ ಹೋಗ್ತೀನಿ. ನೀವು ನಾನಿಲ್ಲ ಅಂತ ಅಂದ್ಕೊಂಡು ಬರೀರಿ. ನಾನು ಯಾವಾಗಲೂ ಬೆನ್ನ ಹಿಂದೆ ಕೂರ್ತೀನಿ."

ಹಾಗೆ ಹೇಳಿದವಳು, ಹಿಂದೆ ಬೆಳಕು ಸಾಲದು ಅಂತ ಸ್ಟೂಲನ್ನು ಅವನ ಎಡಗಡೆಯ ಕಿಟಕಿಯ ಪಕ್ಕ ಎಳೆದುಕೊಂಡಿದ್ದಳು.

ಮೂರು ದಿನ ನೋಡಿದಳು. ಯೋಚನೆ ಮಾಡುವಾಗ ಅವನು ಬ್ರಷ್ಷನ್ನು ಕಿವಿಯ ಮೇಲೆ ಸಿಕ್ಕಿಸಿ, ಆಮೇಲೆ ಅದನ್ನೇ ಮೇಜೆಲ್ಲ ಹುಡುಕುತ್ತಿದ್ದ. ಸಿಗದಿದ್ದಾಗ ಅವಳತ್ತ ತಿರುಗುತ್ತಿದ್ದ. ಅವಳು ಮಾತಿಲ್ಲದೆ ತನ್ನ ಕಿವಿ ಮುಟ್ಟಿ ತೋರಿಸುತ್ತಿದ್ದಳು. ಅವನು ನಗುತ್ತಿದ್ದ. ನಕ್ಕಾಗ ಎಡಗೆನ್ನೆಯ ಮೇಲಿನ ಒಣಗಿದ ಬಣ್ಣ ಬಿರುಕು ಬಿಡುತ್ತಿತ್ತು. ನೋಟ್‌ಬುಕ್ಕಿನಲ್ಲಿ ಅವಳು ಬರೆದುಕೊಂಡಳು: ಬ್ರಷ್ಷಿಗೆ ಸ್ಟ್ಯಾಂಡು ಬೇಕು, ಕಿವಿ ಸಾಲದು. ನೀರಿನ ಲೋಟಕ್ಕೆ ಕೈ, ದಿನಕ್ಕೆ ನೂರಾ ಹನ್ನೆರಡು ಸಲ.

ಬಲಗೈ ಮನುಷ್ಯ, ಚುಕ್ಕಿಗಳೆಲ್ಲ ಎಡಕ್ಕೆ. ವಿಚಿತ್ರ ಅನ್ನಿಸಿತ್ತು. ಆದರೂ ಕಾಗದ ಹೇಳಿದ ಹಾಗೆಯೇ ಮಾಡಿದಳು. ಲೋಟ ಕೂರುವ ತೂತು ಎಡಕ್ಕೆ, ಬ್ರಷ್ಷಿನ ಸಾಲು ಎಡಕ್ಕೆ, ದೊಡ್ಡ ಹಾಳೆಗಳಿಗೆ ಐದು ತೆಳ್ಳನೆಯ ಡ್ರಾಯರು, ಅವೂ ಎಡಕ್ಕೆ. ಕಾಲು ಚಾಚುವ ಜಾಗ ಕೂಡ ಒಂದಿಷ್ಟು ಎಡಕ್ಕೆ ತಿರುಗಿತ್ತು.

ಫೋನಿನ ಮರುದಿನ ಬಡಗಿ ಬಂದಾಗ ಅಕ್ಕ ರಜೆ ಹಾಕಿ ಮನೆಯಲ್ಲೇ ಇದ್ದಳು. ಊಟದ ಮೇಜು ಅಡುಗೆಮನೆಯ ಕಡೆಗೆ ಸರಿದಿತ್ತು. ಅದರ ಹಳೆಯ ಜಾಗದಲ್ಲಿ, ಕಿಟಕಿ ಎಡಕ್ಕೆ ಬರುವಂತೆ, ಹೊಸ ಮೇಜು ನಿಂತಿತ್ತು. ಅದರ ಮೇಲೆ ಮುಖವಿಲ್ಲದ ಕರಡಿ.

"ನಾಲ್ಕು ದಿನದಿಂದ ಅದಕ್ಕೆ ಮೂಗಿಲ್ಲ ಬಾಯಿಲ್ಲ," ಎಂದಳು ಅಕ್ಕ. "ಕುಣಿಯಲಾರದವನು ನೆಲ ಡೊಂಕು ಅಂದನಂತೆ. ಮೇಜಿನ ಮೇಲೆ ಹಾಕ್ತಿದ್ದಾನೆ ತಪ್ಪನ್ನ."

"ಅಕ್ಕಾ, ನೀನು ಸುಮ್ನಿರ್ತೀಯಾ?"

ಬಡಗಿ ಮೇಜು ಸಮವಾಗಿದೆಯೇ ಅಂತ ರಸಮಟ್ಟ ಇಟ್ಟು ನೋಡಿದಳು. ಗುಳ್ಳೆ ಸರಿಯಾಗಿ ನಡುವೆ ನಿಂತಿತು. ಹಳೆಯ ಖಾಕಿ ಕಾಗದವನ್ನು ಮೇಜಿನ ಮೇಲೆ ಹಾಸಿದಳು. ಒಂದೊಂದು ಚುಕ್ಕಿಗುಚ್ಛವೂ ತನ್ನ ತನ್ನ ತೂತಿನ ಮೇಲೆ, ಸಾಲಿನ ಮೇಲೆ ಕೂತಿತು.

"ಯಾರೋ ಒಬ್ಬರದು ತಪ್ಪಿದೆ. ನನ್ನದಂತೂ ಅಲ್ಲ," ಎಂದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಚಿತ್ರಗಾರ ಸುಮ್ಮಸುಮ್ಮನೆ ಕಾಲರ್ ಸರಿಮಾಡಿಕೊಂಡ.

"ಕೂತ್ಕೊಳ್ಳಿ. ಬರೀರಿ. ನೋಡೋಣ." ಹೊಸ ಖಾಕಿ ಕಾಗದ ಹಾಸಿ, ಈ ಸಲ ಕ್ರಮ ತಪ್ಪಬಾರದು ಅಂತ ಬೆನ್ನ ಹಿಂದೆ, ಬಾಗಿಲಿಗೆ ಒರಗಿ ನಿಂತಳು.

ಅವನು ಕೂತ. ತೂತಿನಿಂದ ಲೋಟ ಎತ್ತಿ ಬಲಕ್ಕೆ ಇಟ್ಟುಕೊಂಡ. ಬ್ರಷ್ಷುಗಳನ್ನೂ ಬಲಕ್ಕೆ ಎಳೆದುಕೊಂಡ. ಅರ್ಧ ಗಂಟೆಯಲ್ಲಿ ಲೋಟಕ್ಕೆ ಕೈ ಹೋದದ್ದು ನಾಲ್ಕೇ ಸಲ. ಗೆರೆ ಎಳೆದ, ಉಜ್ಜಿದ, ಮತ್ತೆ ಎಳೆದ. ಅವಳು ನಡುನಡುವೆ ಬಂದು ಇಟ್ಟ ಚುಕ್ಕಿಗಳೆಲ್ಲ ಬಲಕ್ಕೇ ಬಿದ್ದವು.

ಅವಳು ಹಳೆಯ ಕಾಗದವನ್ನು ಮತ್ತೆ ಬಿಚ್ಚಿ ನೋಡಿದಳು. ಅಂದರೆ ಇವನು ಬಲಗಡೆಯ ಮನುಷ್ಯನೇ. ಹಾಗಾದರೆ ಆ ಮೂರು ದಿನದ ಸಾವಿರ ಚುಕ್ಕಿ ಯಾರದು?

"ನಿಂತೂ ನಿಂತೂ ಕಾಲು ಊದುತ್ತೆ ಕಣಮ್ಮ," ಎಂದು ಅಕ್ಕ ಅಡುಗೆಮನೆಯಿಂದ ಹಳೆಯ ಸ್ಟೂಲು ತಂದಳು. ತಂದವಳು ಅದನ್ನು ಬಾಗಿಲ ಬಳಿ ಇಡಬಹುದಿತ್ತು. ಇಡಲಿಲ್ಲ. ನೆಟ್ಟಗೆ ಕಿಟಕಿಯ ಪಕ್ಕ ಇಟ್ಟು, "ಅಂಗಡಿಗೆ ಹೋಗಿಬರ್ತೀನಿ," ಎಂದು ಚೀಲ ತೆಗೆದುಕೊಂಡು ಇಳಿದೇ ಹೋದಳು.

ಬಡಗಿ ಸ್ಟೂಲಿನ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ತಲೆ ಹುದುಗಿಸಿದಳು. ಎಲ್ಲಾ ಬಿಚ್ಚಿ ಬಲಕ್ಕೆ ಹಾಕಲು ಎಷ್ಟು ದಿನ ಬೇಕು ಅಂತ ಬರೆಯತೊಡಗಿದಳು.

ಸ್ವಲ್ಪ ಹೊತ್ತಿಗೆ ನೀರಿನ ಸದ್ದು ಕೇಳಿತು. ಬ್ರಷ್ಷು ಲೋಟಕ್ಕೆ ತಾಗುವ ಟಿಣ್ ಅನ್ನುವ ಸದ್ದು. ಮತ್ತೊಂದು ಸಲ. ಮತ್ತೆ ಇನ್ನೊಂದು ಸಲ.

ತಲೆಯೆತ್ತಿದಳು. ಲೋಟ ಎಡಗಡೆಯ ತೂತಿಗೆ ವಾಪಸ್ ಬಂದಿತ್ತು. ಅವನ ಮೈ ಎಡಕ್ಕೆ ತಿರುಗಿತ್ತು, ಕಾಲು ಆ ಓರೆಯ ಜಾಗದಲ್ಲಿ ಹಾಯಾಗಿ ಚಾಚಿತ್ತು. ಕರಡಿಗೆ ಎರಡು ಕಣ್ಣು ಬಂದಿದ್ದವು, ಮೂಗು ಬರುತ್ತಿತ್ತು. ಅವನು ಬ್ರಷ್ಷನ್ನು ಲೋಟದಲ್ಲಿ ಅದ್ದಿ ಅವಳನ್ನು ನೋಡಿದ. ಅವಳೂ ಅವನನ್ನೇ ನೋಡುತ್ತಿದ್ದುದನ್ನು ಕಂಡು ಬ್ರಷ್ಷನ್ನು ಇನ್ನೊಂದು ಸಲ ಅದ್ದಿದ.

"ಆ ಬ್ರಷ್ಷು ಕ್ಲೀನಾಗೇ ಇತ್ತು," ಎಂದಳು ಅವಳು.

"ಹೂಂ."

"ಆಗ್ಲೇ ಒಂದ್ಸಲ ತೊಳೆದ್ರಿ."

"ಹೂಂ. ಆ ಮೂರು ದಿನಾನೂ ಅಷ್ಟೇ. ಲೋಟ ನಿಮ್ಮ ಕಡೆ ಇತ್ತು. ಅದ್ದೋ ನೆಪದಲ್ಲಿ ಒಂದ್ಸಲ ನೋಡಬಹುದಿತ್ತು." ಅವನ ಕಿವಿ ಕೆಂಪಾಯಿತು. "ನಿಜವಾಗ್ಲೂ ನನಗೇ ಗೊತ್ತಿರ್ಲಿಲ್ಲ ಕಣ್ರೀ. ಮೇಜು ಬಂದು, ಕೂತು, ಲೋಟಕ್ಕೆ ಕೈ ಹಾಕಿ ಎಡಕ್ಕೆ ತಿರುಗಿದೆ. ಅಲ್ಲಿ ಯಾರೂ ಇರ್ಲಿಲ್ಲ. ಬರೀ ಕಿಟಕಿ. ಆಗ ಗೊತ್ತಾಯ್ತು."

"ಮತ್ತೆ ಫೋನಲ್ಲಿ ಮೇಜು ಸರಿಯಿಲ್ಲ ಅಂದ್ರಿ?"

"ಇನ್ನೇನು ಅನ್ಲಿ? ನೀವು ಸೋಮವಾರ ಹೊರಟವರು. ನೀವು ಹೋಗೋದು ನನಗೆ ಇಷ್ಟವಿಲ್ಲ ಅಂತ ಫೋನಲ್ಲಿ ಹೇಳೋಕೆ ಬಾಯಿ ಬರ್ಲಿಲ್ಲ."

ಬಡಗಿಗೆ ಖುಷಿಯಾಯಿತು. ಅದರ ಹಿಂದೆಯೇ ಭಯವೂ ಆಯಿತು. ಎರಡಕ್ಕೂ ಅವಳ ಹತ್ತಿರ ಅಳತೆಯಿರಲಿಲ್ಲವಾದ್ದರಿಂದ ಕೈಲಿದ್ದ ಪೆನ್ಸಿಲನ್ನೇ ನೋಡುತ್ತ ಕೂತಳು.

"ಅಂದ್ರೆ ನನ್ನ ಅಳತೆ ತಪ್ಪಾಗಿರ್ಲಿಲ್ಲ," ಎಂದಳು ಕೊನೆಗೆ.

"ಒಂದು ಕೂದಲಷ್ಟೂ ತಪ್ಪಿಲ್ಲ." ಅವನು ಬ್ರಷ್ಷನ್ನು ಕೆಳಗಿಟ್ಟ. "ಒಂದು ಮಾತು ಕೇಳ್ಲಾ? ಯಾವಾಗ್ಲೂ ಬೆನ್ನ ಹಿಂದೆ ಕೂರ್ತೀನಿ ಅಂದಿದ್ರಿ. ಬಾಗಿಲ ಹತ್ತಿರ ಲೈಟಿತ್ತು. ಮತ್ಯಾಕೆ ಇಲ್ಲಿ ಬಂದು ಕೂತ್ರಿ?"

ಎಪ್ಪತ್ತು ಮನೆಗಳಲ್ಲಿ ಎಪ್ಪತ್ತು ಬೆನ್ನು ನೋಡಿದವಳು ಅವಳು. ಸುಳ್ಳು ಹೇಳಬಹುದಿತ್ತು, ಬಾಯಿಯ ತನಕ ಬಂದೂ ಇತ್ತು.

"ಹಿಂದಿನಿಂದ ಮುಖ ಕಾಣಲ್ಲ," ಎಂದಳು.

ಕೆಳಗೆ ಬೀದಿಯಲ್ಲಿ ಯಾರೋ ಸ್ಕೂಟರ್ ಸ್ಟಾರ್ಟ್ ಮಾಡಲು ಒದ್ದಾಡುತ್ತಿದ್ದರು. ಅದು ಹೊರಟುಹೋಗುವವರೆಗೆ ಇಬ್ಬರೂ ಬಹಳ ಆಸಕ್ತಿಯಿಂದ ಕೇಳಿದರು.

"ಎರಡು ದಾರಿ ಇದೆ," ಎಂದಳು ಅವಳು, ಕೆಲಸದ ದನಿಯಲ್ಲಿ. "ಒಂದು, ಎಲ್ಲಾ ಬಿಚ್ಚಿ ಬಲಕ್ಕೆ ಹಾಕೋದು. ನಾಲ್ಕು ದಿನ. ಸೋಮವಾರದೊಳಗೆ ಮುಗಿಸಿಕೊಟ್ಟು ಹೋಗ್ತೀನಿ."

"ಎರಡನೇದು?"

"ಮೇಜನ್ನ ಹೀಗೇ ಬಿಡೋದು. ಇಲ್ಲಿಗೆ ಒಂದು ಸರಿಯಾದ ಸ್ಟೂಲು ಮಾಡೋದು. ಈ ಸ್ಟೂಲಿನ ಒಂದು ಕಾಲು ಗಿಡ್ಡ."

"ಎರಡನೇದು," ಎಂದ ಅವನು, ಅವಳ ಮಾತು ಮುಗಿಯುವ ಮುಂಚೆ. "ಎರಡನೇದೇ ಮಾಡಿ. ಆದ್ರೆ ಸ್ಟೂಲು ಮಾಡಿಟ್ಟು ನೀವು ಹೊರಟುಹೋದ್ರೆ ಅದು ಇನ್ನೂ ಕಷ್ಟ."

ಅವಳು ಫೋನ್ ತೆಗೆದು ಕಾರ್ಖಾನೆಯ ಮ್ಯಾನೇಜರಿಗೆ ಮಾಡಿದಳು. ಸೋಮವಾರ ಬರುವುದಿಲ್ಲ, ಆಮೇಲೂ ಬರುವುದಿಲ್ಲ, ಒಂದೇ ಅಳತೆಯ ಮೇಜು ಮಾಡಲು ತನ್ನಿಂದಾಗದು, ಕ್ಷಮಿಸಬೇಕು ಎಂದಳು. ಮ್ಯಾನೇಜರು ಬೈದಿರಬೇಕು, ಅವಳು ಎರಡು ಸಲ "ಹೌದು ಸಾರ್, ನನ್ನದೇ ತಪ್ಪು" ಎಂದು ಒಪ್ಪಿಕೊಂಡಳು. ಫೋನನ್ನು ಮೇಜಿನ ಮೇಲಿಟ್ಟು ಕೈಯನ್ನು ಅಲ್ಲೇ ಬಿಟ್ಟಳು. ಚಿತ್ರಗಾರನ ಕೈ ಬಂದು ಅದರ ಮೇಲೆ ಕೂತಿತು. ಅದು ಬಲಗೈ.

"ಸ್ಟೂಲಿಗೆ ಅಳತೆ ಯಾರು ತಗೋತಾರೆ?" ಎಂದು ಕೇಳಿದ. "ನಿಮ್ಮ ಅಳತೆ ನೀವೇ ತಗೊಳ್ಳೋಕಾಗುತ್ತಾ?"

ಅವಳು ಯೋಚಿಸಿದಳು. ಇಷ್ಟು ವರ್ಷದಲ್ಲಿ ತನಗೆ ಅಂತ ಒಂದು ಕುರ್ಚಿಯನ್ನೂ ಮಾಡಿಕೊಂಡವಳಲ್ಲ. ಜೇಬಿನಿಂದ ಟೇಪು ತೆಗೆದು ಅವನ ಕೈಗೆ ಕೊಟ್ಟಳು. "ಮಂಡಿಯಿಂದ ನೆಲದವರೆಗೆ. ಟೇಪು ಸೊಟ್ಟ ಹಿಡೀಬೇಡಿ."

ಅವನು ನೆಲದ ಮೇಲೆ ಕೂತು ಟೇಪು ಎಳೆದ. ಒಂದು ಸಲ ಓದಿದ. ನಂಬಿಕೆಯಾಗದೆ ಇನ್ನೊಂದು ಸಲ ಓದಿದ. ತನ್ನದೇ ಕಿವಿಯ ಮೇಲಿದ್ದ ಪೆನ್ಸಿಲಿಗಾಗಿ ಮೇಜೆಲ್ಲ ತಡಕಾಡಿದ. ಅವಳು ತನ್ನ ಕಿವಿ ಮುಟ್ಟಿ ತೋರಿಸಿದಳು.

"ಹದಿನೆಂಟು ಇಂಚು," ಎಂದ.

"ಹದಿನೇಳು ಅಂತ ಬರ್ಕೊಳ್ಳಿ."

"ಯಾಕೆ? ಸರಿಯಾಗೇ ಹಿಡಿದಿದ್ದೀನಿ, ಬೇಕಾದ್ರೆ ನೋಡಿ."

"ಸರಿಯಾಗೇ ಹಿಡಿದಿದ್ದೀರಿ. ನಾನು ಶೂ ಹಾಕ್ಕೊಂಡಿದ್ದೀನಿ," ಎಂದು ಅವಳು ಬಗ್ಗಿ ಲೇಸು ಬಿಚ್ಚತೊಡಗಿದಳು. "ಇನ್ಮೇಲೆ ಇಲ್ಲಿ ಹಾಕ್ಕೊಳ್ಳಲ್ಲ."