ಅಳತೆಯ ಲೋಟ

ಹದಗಾರ ಬೆಳಗಿನ ಕೆಲಸ ಶುರುಮಾಡಿತು. ಗಾಜಿನ ಹಿಂದಿನ ಆರು ಕೊಳವೆಗಳಲ್ಲಿ ಒಂದು ಇಪ್ಪತ್ತೆರಡು ಬೀಜ ಉದುರಿಸಿತು, ಇನ್ನೊಂದು ಹದಿನೇಳು, ಮೂರನೆಯದು ಬರೀ ನಾಲ್ಕು. ಕೊನೆಗೆ ಒಂದು ಚಿಟಿಕೆ ಚಿಕೋರಿ. ಹುರಿದು, ಪುಡಿಮಾಡಿ, ಡಿಕಾಕ್ಷನ್ ಇಳಿಸಿ ಲೋಟ ಮುಂದೆ ತಳ್ಳಲು ಆ ಯಂತ್ರಕ್ಕೆ ನಾಲ್ಕು ನಿಮಿಷ ಸಾಕು. ಸಿಂಚನ ಬಿಸಿನೀರಿನಲ್ಲಿ ಬಾಯಿ ಮುಕ್ಕಳಿಸಿ, ಒಂದು ಗುಟುಕು ಹೀರಿ, ಕಣ್ಣು ಮುಚ್ಚಿದಳು.

“ಅದೇನಾ?” ಡಾ. ಚೈತ್ರಾ ಕೇಳಿದರು.

“ಅದೇ ಮೇಡಂ.”

ಆರು ವರ್ಷಗಳಿಂದ ಅವಳ ಕೆಲಸವೇ ಈ ಎರಡಕ್ಷರ.

ಬೆಟ್ಟಗಳ ತಂಪು ಹೋಗಿ ಅರಾಬಿಕಾ ಕಾಫಿಗಿಡಗಳು ಸಾಲುಸಾಲಾಗಿ ಒಣಗಿದಾಗ ಮೈಸೂರಿನ ಈ ಪ್ರಯೋಗಾಲಯದಲ್ಲಿ ಚೈತ್ರಾ ಹದಗಾರವನ್ನು ಕಟ್ಟಿದ್ದರು. ಕಾಫಿಯ ಪರಿಮಳದಲ್ಲಿ ನೂರಾರು ವಸ್ತುಗಳಿದ್ದರೂ ಮೂಗು ಗುರುತು ಹಿಡಿಯುವುದು ಮೂವತ್ತು ಚಿಲ್ಲರೆಯನ್ನು ಮಾತ್ರ. ಯಾವ ಬೀಜದಲ್ಲಿ ಅವು ಎಷ್ಟೆಷ್ಟಿವೆ ಎಂದು ಅಳೆದು, ಬಿಸಿಲು ತಡೆಯುವ ರೊಬಸ್ಟಾ, ಲಿಬೇರಿಕಾ ಜಾತಿಗಳನ್ನು ಬೆರೆಸಿ, ಇಲ್ಲದ ಅರಾಬಿಕಾದ ರುಚಿಯನ್ನು ಇರುವ ಬೀಜಗಳಿಂದ ಹೊರಡಿಸುವುದು ಹದಗಾರದ ವಿದ್ಯೆ. ಈಗ ಅದು ಮದುವೆಮನೆಯಲ್ಲೂ ಇತ್ತು, ಬಸ್ ನಿಲ್ದಾಣದಲ್ಲೂ ಇತ್ತು. ಇಪ್ಪತ್ತಾರು ವರ್ಷಗಳಿಂದ ನಾಡಿಗೆಲ್ಲ ಅದು ಕೊಟ್ಟದ್ದೇ ಅರಾಬಿಕಾ.

ತೊಡಕು ಒಂದೇ. ಪ್ರತಿ ಸುಗ್ಗಿಯ ಬೀಜವೂ ಬೇರೆ, ಹಾಗಾಗಿ ಯಂತ್ರಕ್ಕೆ ವರ್ಷವರ್ಷವೂ ಹೊಸ ಬೆರಕೆ ಕಲಿಸಬೇಕು. ಕಲಿತದ್ದು ಸರಿಯೇ ಎಂದು, ಹೋದ ವರ್ಷದ ಲೋಟವನ್ನೂ ಈ ವರ್ಷದ್ದನ್ನೂ ಕುಡಿದು ಮನುಷ್ಯರೊಬ್ಬರು ಹೇಳಬೇಕು. ಹಾಗೆ ಹೇಳುವವರಿಗೆ ‘ಸಾಕ್ಷಿ ನಾಲಿಗೆ’ ಎಂದು ಹೆಸರು. ಅಮ್ಮನ ಟೈಲರಿಂಗ್ ಅಂಗಡಿಯಲ್ಲಿ ಹುಕ್ಸ್ ಹೊಲಿಯಲೆಂದು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ ಸಿಂಚನಳಿಗೆ ಈ ಕೆಲಸ ಸಿಕ್ಕಿದ್ದು, ಹನ್ನೆರಡು ಲೋಟಗಳ ನಡುವೆ ಒಂದೇ ಥರದ ಎರಡನ್ನು ಅವಳೊಬ್ಬಳೇ ಪತ್ತೆಮಾಡಿದ್ದರಿಂದ. ರುಚಿ ನೋಡಲು ತೆರೆದ ಬಾಯನ್ನು ಅವಳು ಮಾತಿಗೆ ತೆರೆಯುತ್ತಿದ್ದುದು ಕಡಿಮೆ.

ಹತ್ತು ಗಂಟೆಗೆ ಬಿಳಿಗಿರಿರಂಗನ ಬೆಟ್ಟದಿಂದ ಕೇತಮ್ಮ ಬಂದರು. ಸೋಲಿಗರ ಮುದುಕಿ, ಎಪ್ಪತ್ತರ ಆಸುಪಾಸು, ಕಂಕುಳಲ್ಲಿ ಕಾಫಿಬೀಜ ಕಟ್ಟಿದ ಬಟ್ಟೆಯ ಗಂಟು. ಅವರ ಪೋಡಿನ, ಅಂದರೆ ಕಾಡೊಳಗಿನ ಹಾಡಿಯ, ಪಕ್ಕದ ಹಳ್ಳದ ನೆರಳಲ್ಲಿ ನಲವತ್ತಮೂರು ಅರಾಬಿಕಾ ಗಿಡ ಬದುಕಿವೆಯಂತೆ. ಇಷ್ಟು ವರ್ಷದಲ್ಲಿ ಅವು ರೊಬಸ್ಟಾ ಜೊತೆ ಬೆರೆತುಹೋಗಿರಬಹುದೆಂದು ಬೆಳೆ ಮಂಡಳಿಗೆ ಅನುಮಾನ. ಹಳೆಯ ರುಚಿ ಉಳಿದಿದ್ದರೆ ಗಿಡ ಇರಲಿ, ಇಲ್ಲವಾದರೆ ಕಾಂಡಕೊರಕ ಹುಳುವಿಗೆ ಮನೆಯಾಗುವ ಮೊದಲು ಕಿತ್ತುಹಾಕಿ ಎಂದು ಆದೇಶ. ಹದಗಾರ ತನ್ನ ಅರಾಬಿಕಾಗೆ ಹೋಲಿಸಿ ನೂರಕ್ಕೆ ತೊಂಬತ್ತು ಕೊಡಬೇಕು, ಸಾಕ್ಷಿ ನಾಲಿಗೆ ಸಹಿ ಹಾಕಬೇಕು.

ಹದಗಾರ ಕೇತಮ್ಮನ ಬೀಜಕ್ಕೆ ಕೊಟ್ಟಿದ್ದು ಐವತ್ತೇಳು.

ಸಿಂಚನ ಕುಡಿದಳು. ಹುಳಿ. ತೆಳು. ಯಾವುದೋ ಹೂವಿನ ವಾಸನೆ ಬಂದು ಹೋಯಿತು, ನಾಲಿಗೆಯ ಮೇಲೆ ಭಾರವೇ ನಿಲ್ಲಲಿಲ್ಲ. ‘ಅಲ್ಲ’ ಎಂದು ಬರೆಯಬೇಕಿತ್ತು. ಬೆರಳುಗಳು ದುಪಟ್ಟಾದ ಅಂಚನ್ನು ಮಡಿಸುತ್ತ ಬಿಚ್ಚುತ್ತ ಕುಳಿತವು.

ಬಂದವರಿಗೆಂದು ಚೈತ್ರಾ ಹದಗಾರದ ಕಾಫಿ ತಂದುಕೊಟ್ಟರು. ಕೇತಮ್ಮ ಚಪ್ಪರಿಸಿದರು.

“ಚೆನ್ನಾಗದ ಕನವ್ವ. ಬೆಲ್ಲ ಸುಟ್ಟಂಗದ. ಇದ್ಯಾವ ಕಾಪಿ?”

“ಅರಾಬಿಕಾ ಅಜ್ಜಿ,” ಎಂದಳು ಸಿಂಚನ.

ಮುದುಕಿ ಬೊಚ್ಚುಬಾಯಿ ತೆರೆದು ನಕ್ಕರು. “ಬಾಯಿಗೀಯಿ ಸುಟ್ಕಂಡಿದ್ದೀಯಾ ಮಗ? ಇದು ಅದಲ್ಲ. ನನ್ ಮಕ್ಳು ಹುಟ್ಟೋಕಿಂತ ಮೊದ್ಲಿಂದ ಕುಡಿತಿವ್ನಿ. ಬೇಕಾದ್ರ ಇದಕ್ಕ ಬ್ಯಾರೆ ಹೆಸರು ಮಡಿಕೊಳ್ಳಿ.”

ಚೈತ್ರಾ ಮೆಲ್ಲಗೆ ನಕ್ಕು, “ವಯಸ್ಸಾದ ಮೇಲೆ ನಾಲಿಗೆ ಮಂಕಾಗುತ್ತೆ ಅಮ್ಮಾ,” ಎಂದರು.

“ನನ್ನದು ಮಂಕಾಗಿರಬೌದು. ನಿಮ್ಮದಾ?”

ಸಿಂಚನ ಎದ್ದು ಕಾರಿಡಾರಿಗೆ ಹೋದಳು. ಆ ತುದಿಯಿಂದ ಈ ತುದಿಗೆ ನಡೆದಳು, ನೀರು ಕುಡಿದಳು, ಮತ್ತೆ ನಡೆದಳು. ಏನೋ ಒಂದು ರವಿಕೆಯ ಬಿಗಿಯಾದ ತೋಳಿನ ಹಾಗೆ ಹಿಡಿಯುತ್ತಿತ್ತು. ತೋಳು ಎಂದುಕೊಂಡ ಕೂಡಲೇ ಅಂಗಡಿಯಲ್ಲಿ ಅಮ್ಮ ಗಿರಾಕಿಗಳನ್ನು ಗದರುತ್ತಿದ್ದದ್ದು ನೆನಪಾಯಿತು: ‘ಹೋದ ಸಲ ನಾನು ಹೊಲಿದದ್ದನ್ನೇ ಅಳತೆಗೆ ತರಬೇಡ್ರೀ. ಮೊದಲನೇ ರವಿಕೆ ತನ್ನಿ.’

ಅವಳು ಒಳಗೆ ಬಂದು ಬಾಗಿಲ ಬಳಿಯೇ ನಿಂತಳು.

“ಮೇಡಂ, ಮೊದಲನೇ ವರ್ಷದ ಲೋಟದ ಜೊತೆ ಯಾರಾದರೂ ಹೋಲಿಸಿದ್ದಾರಾ?”

“ಯಾಕೆ? ಪ್ರತಿ ವರ್ಷ ಹಿಂದಿನ ವರ್ಷದ ಜೊತೆ ಹೋಲಿಸ್ತೀವಲ್ಲ. ಯಾವತ್ತೂ ವ್ಯತ್ಯಾಸ ಬಂದಿಲ್ಲ.”

“ಅಳತೆ ರವಿಕೆ ಹಾಗೇ ಮೇಡಂ. ಹೊಸದರಿಂದ ಹೊಸದಕ್ಕೆ ಅಳತೆ ತೆಗೆದರೆ ಒಂದೊಂದು ಸಲಕ್ಕೆ ಒಂದು ದಾರದಷ್ಟು ತಪ್ಪುತ್ತೆ. ಕಣ್ಣಿಗೆ ಕಾಣಲ್ಲ. ಹತ್ತನೇದು ತೋಳಿಗೇ ಏರಲ್ಲ.” ಇಷ್ಟು ಮಾತಾಡಿದ್ದಕ್ಕೆ ಅವಳ ಕಿವಿ ಕೆಂಪಾಯಿತು. “ನಾನು ನಿಜವಾದದ್ದನ್ನ ಕುಡಿದೇ ಇಲ್ಲ. ನೀವು ಕುಡಿದಿದ್ದಿರಿ.”

ಚೈತ್ರಾ ಕೇತಮ್ಮನ ಬೀಜದ ಲೋಟವನ್ನೆತ್ತಿ ಒಂದು ಗುಟುಕು ಹೀರಿದರು. ಮುಖ ಕಿವುಚಿಕೊಂಡಿತು. ಅವರೂ ಇಪ್ಪತ್ತಾರು ವರ್ಷ ದಿನಕ್ಕೆರಡು ಲೋಟ ಹದಗಾರದ್ದೇ ಕುಡಿದವರು.

ಯಂತ್ರದ ಹೊಟ್ಟೆಯಲ್ಲಿ ಮೊದಲ ವರ್ಷದ ದಾಖಲೆ ಇತ್ತು: ಕೊನೆಯ ಒಳ್ಳೆಯ ಸುಗ್ಗಿಯ ಅರಾಬಿಕಾದಲ್ಲಿ ಆ ಮೂವತ್ತು ಚಿಲ್ಲರೆ ವಸ್ತುಗಳು ಎಷ್ಟೆಷ್ಟಿದ್ದವು ಎಂಬ ಅಂಕಿಗಳು. ಯಾರೂ ತೆರೆದಿರಲಿಲ್ಲ, ತೆರೆಯುವ ಕಾರಣವೇ ಬಂದಿರಲಿಲ್ಲ. ಚೈತ್ರಾ ಅದಕ್ಕೆ ಕೇತಮ್ಮನ ಬೀಜವನ್ನು ಹೋಲಿಸಿದರು. ತೊಂಬತ್ತನಾಲ್ಕು. ಬೆಳಿಗ್ಗೆ ಸಿಂಚನ ‘ಅದೇ’ ಎಂದಿದ್ದ ಹದಗಾರದ ಕಾಫಿಯನ್ನು ಹೋಲಿಸಿದರು. ಐವತ್ತೊಂಬತ್ತು.

ಅವರು ವರ್ಷವರ್ಷದ ಬೆರಕೆಯ ಅಂಕಿಗಳನ್ನು ಒಂದೊಂದಾಗಿ ಪರದೆಗೆ ತಂದರು.

“ರುಚಿ ನೋಡಿದವರೆಲ್ಲ ಪ್ರತಿ ವರ್ಷ ಒಂಚೂರು ಸಿಹಿ, ಒಂಚೂರು ಗಟ್ಟಿ ಇದ್ದರೆ ‘ಅದೇ’ ಅಂದಿದ್ದಾರೆ,” ಎಂದರು ಕೊನೆಗೆ. “ಇಷ್ಟವಾದದ್ದನ್ನ ಸರಿ ಅಂದುಕೊಂಡಿದ್ದೀವಿ. ಯಂತ್ರ ನಮ್ಮಿಂದಲೇ ಕಲಿಯಿತು.”

“ಈಗ ಗಿಡ ಕೀಳ್ತಾರಾ?” ಕೇತಮ್ಮ ಕೇಳಿದರು. ಅವರಿಗೆ ಬೇಕಾದ್ದು ಅಷ್ಟೇ.

“ಅಳತೆಯನ್ನ ಮೊದಲ ವರ್ಷಕ್ಕೆ ತಿರುಗಿಸಿದರೆ ಕೀಳಲ್ಲ. ಆದರೆ ತಿರುಗಿಸಬೇಕಾದರೆ ಸಾಕ್ಷಿ ನಾಲಿಗೆಯೇ ತಾನು ತಪ್ಪಿದೆ ಅಂತ ಬರೆದುಕೊಡಬೇಕು.” ಚೈತ್ರಾ ಸಿಂಚನಳ ಕಡೆ ತಿರುಗಿದರು. “ಬರೆದರೆ ನಿನ್ನ ಕೆಲಸ ಹೋಗುತ್ತೆ. ನಾಳೆಯಿಂದ ಹದಗಾರ ಊರಿಗೆಲ್ಲ ಕೊಡೋದು ಈ ಹುಳಿ ಕಾಫಿ. ನನಗೆ ಬೈಗುಳ. ಯೋಚಿಸು.”

ಸಿಂಚನ ಯೋಚಿಸಿದಳು. ಸುಳ್ಳಾದರೂ ಸುಲಭವಾದದ್ದೊಂದಿತ್ತು: ಕೇತಮ್ಮನ ಕಾಫಿ ‘ಅದೇ’ ಎಂದು ಬರೆದುಬಿಡುವುದು. ಆದರೆ ನಾಲಿಗೆ ಹಾಗೆ ಹೇಳಿರಲಿಲ್ಲ, ಹದಗಾರ ಕೊಟ್ಟ ಐವತ್ತೇಳರ ಮುಂದೆ ಆ ಮಾತು ನಿಲ್ಲುತ್ತಲೂ ಇರಲಿಲ್ಲ. ಅವಳು ಬರೆದದ್ದು ಮೂರು ಸಾಲು. ‘ಈ ಕಾಫಿ ನನಗೆ ಸೇರಲಿಲ್ಲ. ಇದು ಅರಾಬಿಕಾ. ಆರು ವರ್ಷ ನಾನು ಅದೇ ಎಂದದ್ದು ಅದಾಗಿರಲಿಲ್ಲ.’ ಕೆಳಗೆ ದುಂಡಗಿನ ಅಕ್ಷರದಲ್ಲಿ ಸಹಿ.

ಮಂಡಳಿಗೆ ಕಾಗದ ಹೋದ ಮೇಲೆ ಅವಳು ಕೇತಮ್ಮನ ಬೀಜದ ಇನ್ನೊಂದು ಲೋಟ ಮಾಡಿ ಕಿಟಕಿಯ ಬಳಿ ಕುಳಿತಳು. ಮುಖ ಸಿಂಡರಿಸಿಕೊಂಡು ಒಂದು ಗುಟುಕು. ಮತ್ತೊಂದು.

“ಸೇರದಿದ್ರ ಯಾಕ ಕುಡಿತೀಯೆ?” ಎಂದರು ಕೇತಮ್ಮ.

“ಅಳತೆ ತಗೊಳ್ತಿದ್ದೀನಿ ಅಜ್ಜಿ.”

ಆ ಹೂವಿನ ವಾಸನೆ ಮತ್ತೆ ಬಂತು, ಈ ಸಲ ಕೊಂಚ ಹೆಚ್ಚು ಹೊತ್ತು ನಿಂತಿತು. ಅದಕ್ಕೊಂದು ಮಾತು ಹುಡುಕಿದಳು, ಸಿಗಲಿಲ್ಲ. ಇದು ಮನೆಮನೆಯಲ್ಲೂ ಇದ್ದ ಕಾಲವೊಂದಿತ್ತಲ್ಲ. ಆಗ ದಿನಾ ಬೆಳಿಗ್ಗೆ ಲಕ್ಷಾಂತರ ಜನ ಇದನ್ನು ಹಿಡಿದು ಕುಳಿತಿದ್ದರಲ್ಲ, ಪೇಪರು ತಿರುವುತ್ತ, ಫೋನು ನೋಡುತ್ತ, ಆರಿಹೋದ ಕೊನೆಯ ಗುಟುಕನ್ನು ಸಿಂಕಿಗೆ ಚೆಲ್ಲುತ್ತ. ಅವರಲ್ಲಿ ಒಬ್ಬರಾದರೂ ಬಾಯಲ್ಲಿರುವಾಗಲೇ ಇದು ಹೀಗಿದೆ ಎಂದು ಬರೆದಿಟ್ಟಿದ್ದರೆ ಎಂದುಕೊಂಡಳು. ಆದರೆ ಅವರಿಗೆ ಅದು ಬರೀ ಬೆಳಗಿನ ಕಾಫಿಯಾಗಿತ್ತು.