ಸಂಸದರ ಸಂತಾಪ

"ಓದು! ಜೋರಾಗಿ ಓದು! ಸದನದಲ್ಲಿ ಅಷ್ಟು ಗಂಟಲು ಹರಕೊಳ್ಳೋನಿಗೆ ಇಲ್ಲೇನು ನಾಚಿಕೆ?" ತಾಯಿ ಕಾಗದವನ್ನು ಮಗನ ಎದೆಗೇ ಹಿಡಿದರು.

ಮೂರು ಸಲ ಗೆದ್ದ ಸಂಸದ ಆತ. ನಾಲ್ಕನೆಯ ಚುನಾವಣೆಗೆ ನಾಳೆ ನಾಮಪತ್ರ. ಪಕ್ಕದಲ್ಲಿ ತಾಯಿ ನಿಲ್ಲಬೇಕೆಂದು ಕರೆಯಲು ಬಂದಿದ್ದ. ತಂದೆ ತೀರಿಹೋಗಿ ಮೂರು ವಾರವಷ್ಟೇ. ಅಂದು ಸದನದಲ್ಲಿ ಮತದಾನವಿತ್ತೆಂದು ಎರಡು ಗಂಟೆ ಇದ್ದು ಹೊರಟುಹೋಗಿದ್ದ. ಅಷ್ಟಾದರೂ ಬಂದನಲ್ಲ ಎಂದು ತಾಯಿ ಸುಮ್ಮನಾಗಿದ್ದರು. ಆದರೆ ಈ ಕಾಗದ...! ಅವನ ಕಚೇರಿಯಲ್ಲೊಂದು ಪದ್ಧತಿ: ದಿನವೂ ಪತ್ರಿಕೆಯ ನಿಧನ ವಾರ್ತೆಗಳನ್ನು ಕತ್ತರಿಸಿ, ಅವನು ಮೊದಲೇ ಸಹಿ ಹಾಕಿಟ್ಟ ಹಾಳೆಗಳ ಮೇಲೆ ಸಂತಾಪ ಮುದ್ರಿಸಿ ಮನೆಮನೆಗೆ ಕಳುಹಿಸುವುದು. ಕ್ಷೇತ್ರದ ಒಂದು ಮನೆಯೂ ತಪ್ಪಬಾರದೆಂದು ಅವನದೇ ಕಟ್ಟಪ್ಪಣೆ. ಈ ಮನೆಯೂ ತಪ್ಪಲಿಲ್ಲ.

"'ಗಡಿಯಾರ ರಿಪೇರಿಯಲ್ಲಿ ಹೆಸರಾಗಿದ್ದ ನಿಮ್ಮ ಯಜಮಾನರ...'" ಸಂಸದ ಓದು ನಿಲ್ಲಿಸಿದ. "ಅಮ್ಮಾ, ಇದು ನಮ್ಮ ಗುಮಾಸ್ತನ ಎಡವಟ್ಟು. ಇವತ್ತೇ ಅವನನ್ನ ಕೆಲಸದಿಂದ ತೆಗೀತೀನಿ."

"ತೆಗಿ. ಅವನಾದ್ರೂ ಮನೆಗೆ ಹೋಗಿ ಅವರಪ್ಪನ ಮುಖ ನೋಡ್ಲಿ," ಎಂದಳು ಒಳಬಾಗಿಲಲ್ಲಿ ನಿಂತಿದ್ದ ಅಕ್ಕ. "ಮುಂದಿನ ಸಾಲು ಓದಿ, ಮಾನ್ಯ ಸದಸ್ಯರೇ!"

"'ಅವರ... ಅವರ ಪರಿಚಯದ ಭಾಗ್ಯ ನನಗೆ ದೊರೆಯಲಿಲ್ಲವಾದರೂ...'"

ಮುಂದೆ ಓದಲಾಗಲಿಲ್ಲ. ಕಾಗದವನ್ನು ಹರಿಯಹೋದ.

"ಹರೀಬೇಡ!" ತಾಯಿ ಅವನ ಕೈ ಹಿಡಿದರು. "ಆ ಸಾಲು ಹೊಡೆದುಹಾಕು. ಅಪ್ಪನ ಬಗ್ಗೆ ನಿನಗೆ ಗೊತ್ತಿರೋ ಒಂದೇ ಒಂದು ಮಾತು ನಿನ್ನ ಕೈಯಾರೆ ಬರಿ. ನಾಳೆ ನಿನ್ನ ಪಕ್ಕ ನಿಲ್ತೀನಿ."

ಇಷ್ಟೇ ತಾನೆ! ಸಾಲು ಹೊಡೆದು, ಸರಸರನೆ ಬರೆದು ತೋರಿಸಿದ: 'ಕೊನೆಯ ದಿನದವರೆಗೂ ಅಂಗಡಿಯಲ್ಲಿ ದುಡಿದವರು.'

ಅಕ್ಕ ನಗಲು ಹೋಗಿ ಬಿಕ್ಕಿದಳು. "ಕೈ ನಡುಕ ಬಂದು ಅಂಗಡಿ ಮುಚ್ಚಿ ಆರು ವರ್ಷ ಆಯ್ತು ಕಣೋ! ಸ್ಕ್ರೂ ಹಿಡಿಯೋಕಾಗದೆ ಅಪ್ಪ ಅತ್ತದ್ದು ನಿನಗೆ ಹೇಗೆ ಗೊತ್ತಿರುತ್ತೆ... ಪ್ರತಿ ಸಲ ಫೋನ್ ಎತ್ತಿದ್ದು ನಿನ್ನ ಗುಮಾಸ್ತನೇ!"

ಹೊರಗೆ ಕಾರು ಹಾರ್ನ್ ಮಾಡಿತು. ಸಂಸದ ತಾನು ಬರೆದದ್ದನ್ನೂ ಹೊಡೆದುಹಾಕಿದ. ಆಮೇಲೆ ನಿಧಾನವಾಗಿ, ಎಳೆ ಮಗುವಿನಂತೆ ಒಂದೊಂದೇ ಅಕ್ಷರ ಕೂಡಿಸಿದ: 'ಅವರ ಪರಿಚಯದ ಭಾಗ್ಯ ನನಗೆ ದೊರೆಯಲಿಲ್ಲ.'

ಓದಿದ ತಾಯಿಯ ಕಣ್ಣು ಮೂರು ವಾರಗಳಲ್ಲಿ ಮೊದಲ ಬಾರಿಗೆ ತುಂಬಿತು. "ನಾಳೆ ನಾನು ಬರಲ್ಲಪ್ಪ," ಎಂದರು.

"ಗೊತ್ತಮ್ಮಾ." ಅವನು ಪೆನ್ನು ಕೆಳಗಿಟ್ಟ. "ಅಪ್ಪನ ಕೈ... ಮೊದಲು ಯಾವಾಗ ನಡುಗಿದ್ದು?"

"ದೊಡ್ಡ ಕಥೆ ಅದು. ನಿನ್ನ ಹತ್ರ ಟೈಮ್ ಎಲ್ಲಿದೆ?"

ಅವನು ಕಿಟಕಿಯಿಂದ ಕೈಬೀಸಿ ಕಾರನ್ನು ಕಳುಹಿಸಿದ.